ದಾಟುವ ಕಲ್ಲು

ಆ ಊರಿನಲ್ಲಿ ಒಂದು ನಿಯಮವಿತ್ತು. ಊರ ನಡುವಿನ ನಿಂತಕಲ್ಲಿನ ನೆರಳು ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ಯಾರೂ ಒಲೆ ಹಚ್ಚುವಂತಿಲ್ಲ, ತೊಟ್ಟಿಲು ಕಟ್ಟುವಂತಿಲ್ಲ, ಗಟ್ಟಿಯಾಗಿ ನಗುವಂತಿಲ್ಲ. ಒಲೆಯಿಲ್ಲದ ಮೇಲೆ ಮನೆ ಎಲ್ಲಿಯದು? ನೆರಳು ಬಂದ ಮನೆಯವರು ಪಾತ್ರೆ ಪರಡಿ ಗಂಟು ಕಟ್ಟಿಕೊಂಡು ಆಚೆಗೆ ಸರಿಯುತ್ತಿದ್ದರು. ಇದನ್ನು ಕೇಳಿ ನಗುವವರು ನಗಲಿ. ತಮ್ಮ ಊರಿನ ನಿಯಮಗಳನ್ನು ಪರಸ್ಥಳದವರ ಎದುರು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದರೆ ನಗು ತಾನಾಗಿಯೇ ನಿಲ್ಲುತ್ತದೆ.

ನಿಂತಕಲ್ಲು ಎಂದರೆ ಒಂದೇ ಕಲ್ಲಲ್ಲ. ನಲವತ್ತು ಹೊಸ್ತಿಲುಗಳು, ಒಂದು ಉದ್ದಕ್ಕೆ, ಅದರ ಮೇಲೆ ಇನ್ನೊಂದು ಅಡ್ಡಕ್ಕೆ, ಹೀಗೆ ಮೇಲೆ ಮೇಲೆ ಏರಿ ನಿಂತಿದ್ದವು. ಯಾವ ಮನೆಯ ಗಂಡಸು ಯುದ್ಧಕ್ಕೆ ಹೋಗಿ ಮರಳಲಿಲ್ಲವೋ ಆ ಮನೆಯ ಹೊಸ್ತಿಲನ್ನು ಕಿತ್ತು ತಂದು ಅಲ್ಲಿ ಏರಿಸುತ್ತಿದ್ದರು. ಯುದ್ಧ ಎಲ್ಲಿ, ಯಾರ ಮೇಲೆ, ಯಾತಕ್ಕೆ ಎಂದು ಕೇಳುವುದನ್ನು ಊರು ಯಾವ ಕಾಲಕ್ಕೋ ಬಿಟ್ಟಿತ್ತು. ಕಹಳೆ ಊದಿದರೆ ಹೋಗುತ್ತಿದ್ದರು. ಕೆಲವರು ಬರುತ್ತಿದ್ದರು. ಬಾರದವರ ಬದಲಿಗೆ ಅವರ ಸೊಂಟದ ಪಟ್ಟಿ ಬರುತ್ತಿತ್ತು. ಪಟ್ಟಿ ಬಂದ ದಿನವೇ ಹೊಸ್ತಿಲು ಕೀಳಬೇಕು, ಅದೇ ದಿನ ಏರಿಸಬೇಕು, ಅದೇ ಸಂಜೆ ನೆರಳು ಅಳೆಯಬೇಕು.

ನೆರಳು ಅಳೆಯುವವಳು ಹಗ್ಗದವ್ವ. ಅವಳ ಅತ್ತೆ ಅಳೆದಿದ್ದಳು, ಅತ್ತೆಯ ಅತ್ತೆ ಅಳೆದಿದ್ದಳು. ಮೇಯಲು ಹೋದ ದನ ಮರಳುವಾಗ ಮೊದಲ ಹಸು ಊರಬಾಗಿಲ ಒಳಗೆ ಕಾಲಿಟ್ಟ ಗಳಿಗೆಯಲ್ಲಿ ನೆರಳಿನ ತುದಿ ಎಲ್ಲಿದೆಯೋ ಅಲ್ಲಿಗೆ ಹಗ್ಗ ಹಿಡಿದು ಅವಳು ಒಂದು ಗಂಟು ಹಾಕುತ್ತಿದ್ದಳು. ಆಮೇಲೆ ಅಷ್ಟೇ ಉದ್ದದ ಹಗ್ಗವನ್ನು ಒಂದೊಂದು ಬೀದಿಯಲ್ಲೂ ಎಳೆದು, ಊರ ಸುತ್ತ ಸುಣ್ಣದ ಗೆರೆ ಬಳಿಯುತ್ತಿದ್ದಳು. ಒಂದು ಕಲ್ಲು ಏರಿದರೆ ನೆರಳು ಹತ್ತು ಹೆಜ್ಜೆ ಮುಂದೆ. ಹೀಗೆ ಊರಿನ ಹೊಟ್ಟೆ ಖಾಲಿಯಾಗುತ್ತಾ ಹೋಗಿ, ಜನರೆಲ್ಲ ಅಂಚಿಗೆ ಬಂದು, ಊರು ಕೈಬಳೆಯ ಹಾಗೆ ಬರೀ ಸುತ್ತು ಮಾತ್ರ ಉಳಿದಿತ್ತು. ಒಳಗೆ ಮಾಡು ಕುಸಿದ ಮನೆಗಳು, ತಣ್ಣಗಿನ ಒಲೆಗಳು. ಹೊರಗೆ ಒಂದು ಕಡೆ ಗುಡ್ಡ, ಒಂದು ಕಡೆ ಹೊಳೆ.

ಹಗ್ಗದವ್ವನ ಮನೆ ಹೊಳೆಯ ಕಡೆಗೆ, ಸುಣ್ಣದ ಗೆರೆಯಿಂದ ಏಳು ಹೆಜ್ಜೆ ದೂರದಲ್ಲಿತ್ತು. ಹಿತ್ತಲಿನ ಬಾಗಿಲು ತೆಗೆದರೆ ನೀರು. ಮನೆಯಲ್ಲಿ ಇದ್ದವರು ಇಬ್ಬರು, ಅವಳು ಮತ್ತು ಅವಳ ಸೊಸೆ. ಬಸುರಿ ಸೊಸೆಗೆ ಒಂಬತ್ತು ತಿಂಗಳು ತುಂಬಿತ್ತು. ಮಗ ಯುದ್ಧಕ್ಕೆ ಹೋಗಿದ್ದ.

ಆ ಬೆಳಿಗ್ಗೆ ಮಗನ ಸೊಂಟದ ಪಟ್ಟಿ ಬಂತು.

ತಂದವನು ಮಾತಾಡಲಿಲ್ಲ, ಅದೂ ಪದ್ಧತಿಯೇ. ಬಾಗಿಲಲ್ಲಿ ನಿಂತು ಎರಡೂ ಕೈಯಲ್ಲಿ ಪಟ್ಟಿ ಚಾಚಿದ. ಹಗ್ಗದವ್ವ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅದು ಅವಳೇ ನೇಯ್ದ ಪಟ್ಟಿ, ಅಂಚಿನಲ್ಲಿ ಒಂದು ಕಡೆ ನೂಲು ತಪ್ಪಿ ಹೋಗಿತ್ತು. ಆ ತಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿದಾಗ ಅವಳ ಎದೆ ಒಡೆಯಿತು. ನಲವತ್ತು ಪಟ್ಟಿ ಬಂದ ಊರಿನಲ್ಲಿ ನಲವತ್ತೊಂದನೆಯದು ಹಗುರವಾಗಿರುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಮಕ್ಕಳಿಲ್ಲ ಎಂದೇ ಅರ್ಥ. ಅವಳು ಅಲ್ಲೇ ಕೂತು ಅತ್ತಳು. ಒಳಗಿನಿಂದ ಸೊಸೆ ಬಂದು ಪಟ್ಟಿ ನೋಡಿ ಅತ್ತಳು. ಹೊತ್ತು ಒಂದು ಆಳೆತ್ತರ ಏರುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಆಮೇಲೆ ಊರ ಹಿರಿಯ ಬಂದ. ಹಿಂದೆಯೇ ಕಲ್ಲುಕುಟಿಗ ಹಾರೆ ಹಿಡಿದು, ಗಾಡಿ ಹೊಡೆದುಕೊಂಡು ಬಂದ. ಹಿರಿಯ ಬಹಳ ವಯಸ್ಸಾದವನು, ಕೆಟ್ಟವನೇನಲ್ಲ. ಮಗ ಬಾರದ ಅವನ ಮನೆಯ ಹೊಸ್ತಿಲೂ ನಿಂತಕಲ್ಲಿನಲ್ಲಿತ್ತು, ಕೆಳಗಿನಿಂದ ಮೂವತ್ತೊಂದನೆಯದು.

“ಹಗ್ಗದವ್ವ, ನಾನು ಏನು ಹೇಳಲಿ,” ಎಂದ.

“ಏನೂ ಹೇಳ್ಬೇಡಿ ಯಜಮಾನ್ರೇ. ಇಂಥ ಎಷ್ಟೋ ಮನೆಗೆ ನಾನೇ ಹೋಗಿದ್ದೀನಲ್ಲ, ಹೇಳೋಕೆ ಏನೂ ಇರಲ್ಲ ಅನ್ನೋದು ನಂಗೊತ್ತು.”

ಕುಟಿಗ ಹೊಸ್ತಿಲಿನ ಅಡಿಗೆ ಹಾರೆ ಕೊಟ್ಟ. ಕಲ್ಲು ನರಳಿ ಮೇಲೆದ್ದಿತು. ಅದರ ಒಂದು ತುದಿಯಲ್ಲಿ ಮಗ ಚಿಕ್ಕವನಿದ್ದಾಗ ಮೊಳೆಯಿಂದ ಕೊರೆದ ಚೌಕಾಬಾರದ ಮನೆಗಳಿದ್ದವು. ನಡುವೆ ಮದುವೆಯ ದಿನ ಸೊಸೆ ಒದ್ದ ಅಕ್ಕಿಯ ಸೇರು ಉರುಳಿದ ಕಡೆ ಸಣ್ಣ ಚಕ್ಕೆ ಎದ್ದಿತ್ತು. ಉಳಿದ ಕಡೆಗೆಲ್ಲ ದಿನಾ ಬೆಳಿಗ್ಗೆ ತೊಳೆದು ಬಳಿದ ಅರಿಶಿನ, ಎಷ್ಟು ವರ್ಷದ್ದೋ, ಕಲ್ಲಿನ ಬಣ್ಣವೇ ಅದು ಎನ್ನುವಷ್ಟು ಹತ್ತಿತ್ತು. ಕಲ್ಲು ಎದ್ದ ಜಾಗದಲ್ಲಿ ಹಸಿ ಮಣ್ಣಿನ ಗುಳಿ ಬಾಯಿ ಬಿಟ್ಟಿತ್ತು.

ಸೊಸೆ ಗೋಡೆ ಹಿಡಿದು ನಿಂತು ಆ ಗುಳಿಯನ್ನೇ ನೋಡುತ್ತಿದ್ದಳು.

“ಅತ್ತೆ, ಅವರು ಬಂದ್ರೆ ಎಲ್ಲಿ ಕಾಲಿಡ್ತಾರೆ?” ಎಂದಳು.

ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಗೊತ್ತಿದ್ದೂ ಕೇಳಿದಳು. ಕೇಳಿದವಳೇ ಸೊಂಟ ಹಿಡಿದುಕೊಂಡು ಕೆಳಗೆ ಕೂತಳು. ನೋವು ಶುರುವಾಗಿತ್ತು.

ಸೂಲಗಿತ್ತಿ ಓಡಿ ಬಂದಳು. ಬಂದವಳು ಮೊದಲು ನೋಡಿದ್ದು ಸೊಸೆಯ ಹೊಟ್ಟೆಯನ್ನು, ಎರಡನೆಯದಾಗಿ ಗೆರೆಯಿಂದ ಮನೆಯವರೆಗಿನ ಏಳು ಹೆಜ್ಜೆಯನ್ನು. “ಹಗ್ಗದವ್ವ, ದನ ಬರೋ ಹೊತ್ತಿಗೇ ಮಗು ಬರ್ತದೆ ನೋಡು. ನೆರಳು ಹತ್ತು ಹೆಜ್ಜೆ ಮುಂದೆ ಬಂದ್ರೆ ಈ ಮನೇಲಿ ಒಲೆ ಇಲ್ಲ. ಒಲೆ ಇಲ್ದೆ ಬಿಸಿನೀರಿಲ್ಲ. ಬಿಸಿನೀರಿಲ್ದೆ ನಾನು ಏನು ಮಾಡ್ಲಿ? ಇವಳನ್ನ ಈ ಸ್ಥಿತೀಲಿ ಎಲ್ಲಿಗೆ ಹೊರಿಸ್ಲಿ, ಹೊಳೆಗಾ?”

ಸತ್ತ ಅಪ್ಪನ ನೆರಳೇ ಬಂದು ಹುಟ್ಟುವ ಮಗುವಿನ ಒಲೆ ಆರಿಸುತ್ತದೆ ಎಂಬುದು ಹಗ್ಗದವ್ವನಿಗೆ ಆ ಕ್ಷಣ ಬಿಚ್ಚಿ ಹರಡಿದ ಸೀರೆಯಷ್ಟು ಸ್ಪಷ್ಟವಾಗಿ ಕಂಡಿತು. ತನ್ನ ಮಗ ಅಂಥವನಲ್ಲ. ಚಳಿಗಾಲದಲ್ಲಿ ತಾಯಿಗಿಂತ ಮೊದಲೇ ಎದ್ದು ನೀರೊಲೆಗೆ ಉರಿ ಹಾಕುತ್ತಿದ್ದವನು ಅವನು. ಅವನ ಹೆಸರಿನಲ್ಲಿ ಇಂಥ ಕೆಲಸ ಆಗಬಾರದು ಎಂದು ಅವಳಿಗೆ ಸಿಟ್ಟು ಬಂತು. ದುಃಖಕ್ಕಿಂತ ಸಿಟ್ಟು ಕೈಕಾಲಿಗೆ ಹೆಚ್ಚು ಬಲ ಕೊಡುತ್ತದೆ. ಅವಳು ಎದ್ದು ಸೆರಗು ಬಿಗಿದು ಸಿಕ್ಕಿಸಿದಳು, ಹಗ್ಗದ ಸುರುಳಿಯನ್ನು ಗಾಡಿಗೆ ಹಾಕಿಸಿದಳು.

“ನೀರಿನ ಹಂಡೆ ತುಂಬಿಸಿಡು. ಸೌದೆ ಜೋಡಿಸಿಡು. ನಾನು ಹೇಳಿ ಕಳಿಸ್ತೀನಿ,” ಎಂದು ಸೂಲಗಿತ್ತಿಗೆ ಹೇಳಿ, ಬಾಗಿಲ ಗುಳಿಯನ್ನು ದಾಟಿ ಹೊರಗೆ ಬಂದಳು.

ಗಾಡಿ ಗೆರೆಯೊಳಕ್ಕೆ ಹೊಕ್ಕಿತು. ಗೆರೆಯೊಳಗೆ ಹೋಗುವ ಹಕ್ಕು ಹಿರಿಯನಿಗೆ, ಕುಟಿಗನಿಗೆ, ಹಗ್ಗದವ್ವನಿಗೆ ಮಾತ್ರ. ಉಳಿದವರು ಸುಣ್ಣದ ಅಂಚಿನಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ನಲವತ್ತನೆಯವನ ನೆರಳಿಗೆ ಖಾಲಿಯಾದ ಬೀದಿ ದಾಟಿತು, ಮೂವತ್ತೊಂಬತ್ತನೆಯವನ ಬೀದಿ ದಾಟಿತು. ಒಂದು ಮನೆಯ ಜಗಲಿಯ ಮೇಲೆ ಒರಳುಕಲ್ಲು ಹಾಗೇ ಇತ್ತು, ಅದರಲ್ಲಿ ಹುಲ್ಲು ಬೆಳೆದಿತ್ತು. ಗಾಡಿಯ ಹಿಂದೆ ನಡೆಯುತ್ತಾ ಹಗ್ಗದವ್ವ ಹಗ್ಗದ ಮಾತುಗಳನ್ನು ಹೇಳಿಕೊಳ್ಳುತ್ತಿದ್ದಳು. ಅತ್ತೆಯಿಂದ ಸೊಸೆಗೆ ಹಗ್ಗದ ಜೊತೆ ಬಂದ ಮಾತುಗಳು ಅವು, ಗಂಟು ಹಾಕುವ ಮೊದಲು ಹೇಳಲೇಬೇಕು.

ತಾಯಿ ಹೊಸ್ತಿಲು ಕಿತ್ತಳು. ಬೀಳ್ಕೊಟ್ಟ ಬಯಲಿಗೆ ಹೊತ್ತಳು. ಮಗನ ಕೊನೆಯ ಹೆಜ್ಜೆಯ ಮೇಲೆ ಇಟ್ಟಳು. ಅರಿಶಿನ ಬಳಿದಳು. ದಾಟಿ ಬಾ ಎಂದಳು. ಪಕ್ಕದಲ್ಲಿ ಕೂತಳು.

ಇಷ್ಟೇ ಮಾತು. ಇದು ನಿಂತಕಲ್ಲಿನ ಮೊದಲ ಕಥೆ. ಮೊದಲ ಯುದ್ಧಕ್ಕೆ ಹೋದ ಮೊದಲ ಮಗನ ತಾಯಿ ಮಾಡಿದ್ದು ಅದು. ಅವಳು ಬಯಲಿನಲ್ಲಿ ಕಲ್ಲನ್ನು ನೆಲಕ್ಕೆ ಮಲಗಿಸಿ, ಮಗ ಬಂದರೆ ಮನೆಯವರೆಗೂ ಕಾಯುವುದು ಬೇಡ, ಊರ ನಡುವೆಯೇ ಮನೆಯೊಳಗೆ ಬಂದಂತಾಗಲಿ ಎಂದು ಕಾದಳು. ಕಾದು ಕಾದು ಸತ್ತಳು. ಎರಡನೆಯ ಹೊಸ್ತಿಲು ಬಂದಾಗ ಅದನ್ನು ಪಕ್ಕದಲ್ಲಿ ಇಡಬೇಕಾಗಿತ್ತು. ಆದರೆ ಹೊಳೆಯಾಚೆಯ ಊರಿನವರು ತಮ್ಮ ವೀರರಿಗೆ ಎರಡಾಳೆತ್ತರದ ಕಂಬ ನಿಲ್ಲಿಸಿದ್ದರಂತೆ. ನೆಲಕ್ಕೆ ಇಟ್ಟರೆ ಅವರಿಗೆ ಕಾಣುವುದು ಹೇಗೆ? ಹಾಗಾಗಿ ಆ ಕಾಲದ ಹಿರಿಯರು ಎರಡನೆಯದನ್ನು ಮೊದಲನೆಯದರ ಮೇಲೆ ಇಟ್ಟರು. ಮೂರನೆಯದು ಎರಡರ ಮೇಲೆ. ಒಂದು ಸಂಜೆ ಅದರ ನೆರಳು ಹತ್ತಿರದ ಮನೆಯೊಂದರ ಒಲೆಯ ಮೇಲೆ ಬಿತ್ತು, ಆ ಮನೆಯಾಕೆ ಸತ್ತವರ ಮೇಲಿನ ಗೌರವದಿಂದ ಆ ಹೊತ್ತಿನ ಮಟ್ಟಿಗೆ ಬೆಂಕಿ ಆರಿಸಿದಳು. ಒಬ್ಬಳು ಮರ್ಯಾದೆಗೆ ಮಾಡಿದ್ದನ್ನು ಮರುವರ್ಷ ಹತ್ತು ಮನೆಯವರು ಮಾಡಿದರು. ಅದರ ಮರುವರ್ಷ ಮಾಡದವರನ್ನು ಬೈದರು. ನಿಯಮ ಹುಟ್ಟುವುದಕ್ಕೆ ಇನ್ನೇನು ಬೇಕು?

ಹಗ್ಗದವ್ವ ಈ ಆರು ಮಾತನ್ನು ಮದುವೆಯಾಗಿ ಬಂದಂದಿನಿಂದ ಹೇಳುತ್ತಿದ್ದಳು. ಆದರೆ ನಾಲಗೆಗೆ ರೂಢಿಯಾದ ಮಾತನ್ನು ಕಿವಿ ಕೇಳಿಸಿಕೊಳ್ಳುವುದಿಲ್ಲ. ಅಂದು ಕೇಳಿಸಿಕೊಂಡಿತು. ಎಲ್ಲಿ ಕಾಲಿಡ್ತಾರೆ ಎಂದು ಸೊಸೆ ಕೇಳಿದ್ದಳಲ್ಲ. ಅದೇ ಪ್ರಶ್ನೆಗೆ ಮೊದಲ ತಾಯಿ ನೆಲದ ಮೇಲೆ ಉತ್ತರ ಇಟ್ಟಿದ್ದಳು.

ಬಯಲು ಬಂತು. ಕುಟಿಗ ಬಿದಿರಿನ ಅಟ್ಟಣೆಯನ್ನು ನಿಂತಕಲ್ಲಿಗೆ ಒರಗಿಸಿ, ಹೊಸ್ತಿಲಿಗೆ ಹಗ್ಗ ಬಿಗಿಯತೊಡಗಿದ. ಹಿರಿಯ ಕೈಮುಗಿದು ನಿಂತ. ಹಗ್ಗದವ್ವ ಮಾತು ಶುರು ಮಾಡಿದಳು. ಕಿತ್ತಳು, ಹೊತ್ತಳು, ಇಟ್ಟಳು, ಬಳಿದಳು. “ದಾಟಿ ಬಾ ಎಂದಳು” ಎಂಬಲ್ಲಿಗೆ ಬಂದು ನಿಲ್ಲಿಸಿಬಿಟ್ಟಳು.

“ಯಾಕೆ ನಿಲ್ಲಿಸಿದೆ?” ಹಿರಿಯ ಪಿಸುಗುಟ್ಟಿದ. ಅಲ್ಲಿ ಬೇರೆ ಮಾತಾಡುವಂತಿರಲಿಲ್ಲ.

ಹಗ್ಗದವ್ವ ಪಿಸುಗುಟ್ಟಲಿಲ್ಲ, ನಿಂತಕಲ್ಲಿನತ್ತ ಕೈ ತೋರಿಸಿದಳು. “ಯಜಮಾನ್ರೇ, ಇದನ್ನ ಒಂದ್ಸಲ ದಾಟಿ ತೋರಿಸಿ.”

“ಏನಂದೆ?”

“ಹೊಸ್ತಿಲು ತಾನೇ ಇದು? ದಾಟಿ ತೋರಿಸಿ. ನಿಮ್ಮ ಮಗ ಬಂದ್ರೂ ಇದನ್ನೇ ದಾಟ್ಬೇಕು, ನನ್ನ ಮಗ ಬಂದ್ರೂ ಇದನ್ನೇ ದಾಟ್ಬೇಕು. ಇಷ್ಟೆತ್ತರದ ಹೊಸ್ತಿಲು ಯಾರಿಗೆ ದಾಟೋಕಾಗ್ತದೆ? ಬಾ ಬಾ ಅಂತ ಕರೆಯೋದು, ಬಾಗಿಲಿಗೆ ಗೋಡೆ ಕಟ್ಟೋದು. ನಾವು ಮಾಡಿರೋದು ಇದೇ ಅಲ್ವಾ?”

ಹಿರಿಯ ತಲೆಯೆತ್ತಿ ನೋಡಿದ. ಎಷ್ಟೋ ವರ್ಷದ ಮೇಲೆ ಅವನು ಹಾಗೆ ನೋಡಿದ್ದು. ಯಾವಾಗಲೂ ಕೈಮುಗಿದು ತಲೆ ತಗ್ಗಿಸಿಯೇ ನಿಲ್ಲುತ್ತಿದ್ದ.

“ಕೆಳಗಿಳಿಸಿದ್ರೆ ಮರೆತುಹೋಗ್ತಾರೆ ಕಣವ್ವ,” ಎಂದ. “ನಾನು ಇನ್ನೆಷ್ಟು ದಿನ ಇರ್ತೀನಿ? ನಾನು ಹೋದ ಮೇಲೆ ನನ್ನ ಮಗನ್ನ ಯಾರು ನೆನೆಸ್ಕೋತಾರೆ? ಎತ್ತರದಲ್ಲಿದ್ರೆ ನಾಲ್ಕು ಜನ ನೋಡ್ತಾರೆ.”

ಅವನ ಭಯ ಸುಳ್ಳಲ್ಲ ಎಂದು ಹಗ್ಗದವ್ವನಿಗೆ ಗೊತ್ತಿತ್ತು. ಅದೇ ಭಯ ಬೆಳಿಗ್ಗೆಯಿಂದ ಅವಳಿಗೂ ಇತ್ತು. ಅವಳು ಹತ್ತಿರ ಹೋಗಿ ಅವನ ತೋಳು ಹಿಡಿದಳು.

“ಯಾರು ನೋಡ್ತಾರೆ ಯಜಮಾನ್ರೇ? ಇಲ್ಲಿಗೆ ಬರೋರು ನಾವು ಮೂರೇ ಜನ, ಅದೂ ಇನ್ನೊಬ್ಬ ಸತ್ತಾಗ. ಉಳಿದೋರೆಲ್ಲ ನೆರಳು ಕಂಡ್ರೆ ಗಂಟು ಮೂಟೆ ಕಟ್ತಾರೆ. ಅವರನ್ನ ನೆನೆಸ್ಕೊಳ್ಳಲ್ಲ, ಅವರಿಗೆ ಹೆದರ್ತಾರೆ. ನಿಮ್ಮ ಮಗನ ಹೆಸರು ಹೇಳಿ ಮಕ್ಕಳನ್ನ ಸುಮ್ಮನಿರಿಸ್ತಾರೆ, ಗೊತ್ತಾ ನಿಮಗೆ?”

ಹಿರಿಯನಿಗೆ ಗೊತ್ತಿರಲಿಲ್ಲ. ಅವನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಕೂಗು ಕೇಳಿಸಿತು. ಸೂಲಗಿತ್ತಿ ಬಾಗಿಲಲ್ಲಿ ನಿಂತು ಕೂಗಿದ್ದನ್ನು ಗೆರೆಯಂಚಿನ ಹೆಂಗಸು ಕೂಗಿದಳು. ಆ ಹೆಂಗಸಿನಿಂದ ಪಕ್ಕದವನು, ಅವನಿಂದ ಮುಂದಿನ ಬೀದಿಯವಳು, ಹೀಗೆ ಕೂಗು ಊರನ್ನೆಲ್ಲ ಸುತ್ತಿ ಎಲ್ಲ ದಿಕ್ಕಿನಿಂದ ಬಯಲಿಗೆ ಬಂತು.

“ಒಲೆ ಹಚ್ಚೋದಾ, ಬೇಡ್ವಾ?”

“ಒಲೆ ಹಚ್ಚೋದಾ, ಬೇಡ್ವಾ?”

ಅದರ ಹಿಂದೆಯೇ ಊರಬಾಗಿಲ ಕಡೆಯಿಂದ ದನಗಳ ಕೊರಳ ಗಂಟೆ.

“ಏರಿಸ್ಲಾ?” ಎಂದ ಕುಟಿಗ, ಅಟ್ಟಣೆಯ ಮೇಲೆ ಒಂದು ಕಾಲಿಟ್ಟು.

“ಬೇಡಪ್ಪ. ಪಕ್ಕಕ್ಕೆ ಇಡು. ಬಿಸಿಲು ಬೀಳೋ ಕಡೆಗೆ, ನೆಲದ ಮೇಲೆ. ಮಗುವನ್ನ ಮಲಗಿಸ್ದಂಗೆ ಇಡು.”

ಕುಟಿಗ ಹಿರಿಯನ ಮುಖ ನೋಡಿದ. ಹಿರಿಯ ನಿಂತಕಲ್ಲಿನ ತುದಿ ನೋಡುತ್ತಿದ್ದ. ಇಡೀ ಜೀವನ ಕಲ್ಲನ್ನು ಮೇಲಕ್ಕೆ ಹೊತ್ತವನಿಗೆ ಕೆಳಗಿಡು ಎಂದರೆ ಎರಡನೆಯ ಸಲ ಹೇಳಬೇಕಾಗುವುದಿಲ್ಲ. ಕುಟಿಗ ಹೊಸ್ತಿಲನ್ನು ಬಯಲಿನ ಬಿಸಿಲಿಗೆ ಮೆಲ್ಲಗೆ ಇಳಿಸಿದ.

ಮೊದಲ ಹಸು ಊರಬಾಗಿಲ ಒಳಗೆ ಕಾಲಿಟ್ಟಿತೆಂದು ಕೂಗು ಬಂತು. ಹಗ್ಗದವ್ವ ಹಗ್ಗದ ತುದಿಯನ್ನು ಮಲಗಿದ ಕಲ್ಲಿನ ಬುಡಕ್ಕೆ ಒತ್ತಿ ಹಿಡಿಯಲು ಕುಟಿಗನಿಗೆ ಹೇಳಿ, ಅದರ ನೆರಳಿನ ತುದಿಗೆ ನಡೆದಳು. ಹತ್ತು ಹೆಜ್ಜೆ, ಒಂದೂ ಹೆಚ್ಚಿಲ್ಲ.

“ಇದ್ಯಾವ ಅಳತೆ?” ಎಂದ ಹಿರಿಯ.

“ನಿಯಮ ಏನು ಹೇಳ್ತದೆ? ಇವತ್ತು ತಂದ ಕಲ್ಲಿನ ನೆರಳು ಅಳೆ ಅಂತ. ಅಳೆದೆ. ಹಳೇ ಕಲ್ಲುಗಳದ್ದು ಅವುಗಳ ದಿನವೇ ಅಳೆದಾಗಿದೆ. ಹಗ್ಗ ನನ್ನ ಕೈಲಿದೆ ಯಜಮಾನ್ರೇ, ಗಂಟು ಹಾಕೋಳು ನಾನು.”

ಗಂಟು ಹಾಕಿದಳು. ಸುಣ್ಣದ ಮಡಕೆ ಹಿಡಿದು, ಕಲ್ಲಿನ ಸುತ್ತ ಹತ್ತು ಹೆಜ್ಜೆಯ ಗೆರೆ ಬಳಿದಳು. ಆ ಗೆರೆಯೊಳಗೆ ಹಿರಿಯನಿದ್ದ, ಕುಟಿಗನಿದ್ದ, ಗಾಡಿಯಿತ್ತು, ಎರಡು ಎತ್ತುಗಳಿದ್ದವು. ಒಲೆ ಮಾತ್ರ ಒಂದೂ ಇರಲಿಲ್ಲ.

ಹಗ್ಗದವ್ವ ಬೆನ್ನು ನೆಟ್ಟಗೆ ಮಾಡಿ, ಹೊಳೆಯ ಕಡೆಗೆ ತಿರುಗಿ, ಇದ್ದಷ್ಟು ದನಿಯನ್ನೂ ಹಾಕಿ ಕೂಗಿದಳು. “ಹಚ್ಚಿ!”

ಗೆರೆಯಂಚಿನಿಂದ ಒಬ್ಬಳು ಕೂಗಿದಳು, ಹಚ್ಚಿ. ಇನ್ನೊಬ್ಬ ಕೂಗಿದ, ಹಚ್ಚಿ. ಮಾತು ಬಂದ ದಾರಿಯಲ್ಲೇ ಊರು ಸುತ್ತಿ ಹೋಯಿತು. ಸ್ವಲ್ಪ ಹೊತ್ತಿಗೆ ಹೊಳೆಯ ಬದಿಯ ಮಾಡಿನಿಂದ ಹೊಗೆ ಎದ್ದಿತು, ನೆಟ್ಟಗೆ, ನೀಲಿಯಾಗಿ. ಅದನ್ನು ನೋಡಿ ಹಗ್ಗದವ್ವ ಎರಡನೆಯ ಸಲ ಅತ್ತಳು.

ಹಿರಿಯ ಮೆಲ್ಲಗೆ ಬಂದು ನೆಲದ ಕಲ್ಲಿನ ಪಕ್ಕದಲ್ಲಿ ನಿಂತ. ಆಮೇಲೆ ಪಂಚೆ ಸ್ವಲ್ಪ ಎತ್ತಿ ಹಿಡಿದು, ಬಲಗಾಲು ಮುಂದಿಟ್ಟು, ಕಲ್ಲನ್ನು ತುಳಿಯದೆ ದಾಟಿದ.

“ದಾಟೋಕೆ ಬರ್ತದೆ,” ಎಂದ, ಅದೇನೋ ಹೊಸ ಸುದ್ದಿ ಎನ್ನುವ ಹಾಗೆ. ಮತ್ತೆ ಕುಟಿಗನ ಕಡೆಗೆ ತಿರುಗಿ, “ಮೂವತ್ತೊಂದನೆಯದು ನಂದು. ಅದರ ಅಂಚಲ್ಲಿ ನಮ್ಮಮ್ಮ ಕುಡುಗೋಲು ಮಸೆದ ತಗ್ಗು ಇದೆ. ಕೈಗೆ ಸಿಕ್ರೆ ಗೊತ್ತಾಗ್ತದೆ. ಯಾವಾಗ ಇಳಿಸ್ತೀಯಾ?” ಎಂದ.

ಆ ಸಂಜೆ ಹಗ್ಗದವ್ವ ಮನೆ ಮುಟ್ಟುವ ಹೊತ್ತಿಗೆ ಮಗು ಹುಟ್ಟಿ, ಬಿಸಿನೀರಿನಲ್ಲಿ ಮಿಂದು, ಅಪ್ಪನ ಸೊಂಟದ ಪಟ್ಟಿಯಲ್ಲಿ ಸುತ್ತಿಕೊಂಡು ಮಲಗಿತ್ತು. ಹೆಣ್ಣು. ದಾಟುವ ಕಲ್ಲಿಗೆ ಬಾಗಿಲೇ ಸರಿಯಾದ ಜಾಗ ಎಂದು ಹಗ್ಗದವ್ವ ಹೊಸ್ತಿಲನ್ನು ಗಾಡಿಯ ಮೇಲೆ ವಾಪಸ್ಸು ತಂದಿದ್ದಳು. ಕುಟಿಗ ಅದನ್ನು ಅದೇ ಗುಳಿಯಲ್ಲಿ ಕೂರಿಸಿ, ಸುತ್ತ ಮಣ್ಣು ಗಟ್ಟಿ ಮಾಡಿ ಹೋದ. ಮರುದಿನ ಬೆಳಿಗ್ಗೆ ಹಗ್ಗದವ್ವ ಅದನ್ನು ತೊಳೆದು, ಅರಿಶಿನ ಬಳಿದು, ಎರಡೆಳೆ ರಂಗೋಲಿ ಎಳೆದು, ಮಗನ ಹೆಸರು ಹೇಳಿದಳು. ನಿಂತಕಲ್ಲಿಗೆ ಏರಿದ ಯಾವ ಹೊಸ್ತಿಲಿಗೂ ಸಿಗದ ಸೇವೆ ಅದು.

ಮೇಲಿನ ಮೂವತ್ತೊಂಬತ್ತು ಕಲ್ಲು ಇಳಿಸಲು ಒಂದು ಬೇಸಗೆ ಪೂರ್ತಿ ಬೇಕಾಯಿತು. ಯಾವುದು ಯಾರದು ಎಂದು ಜಗಳವೇನೂ ಆಗಲಿಲ್ಲ. ಮುದುಕಿಯರು ಕಣ್ಣು ಮುಚ್ಚಿ ಸವರಿ ತಮ್ಮದನ್ನು ಹೇಳಿದರು. ಒಂದರ ಮೇಲೆ ಅಡಿಕೆ ಕುಟ್ಟಿದ ಗುಳಿ, ಒಂದರ ಮೇಲೆ ಕಾಯಿ ಒಡೆದ ಮಚ್ಚೆ, ಒಂದರ ಮೇಲೆ ಯಾರೋ ಹುಡುಗಿ ಬಿಡಿಸಿದ ನವಿಲು. ಒಬ್ಬಳು ತನ್ನ ಕಲ್ಲು ಸಿಕ್ಕಾಗ ಗಟ್ಟಿಯಾಗಿ ನಕ್ಕಳು, ನಕ್ಕಿದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಳು, ಯಾರೂ ಬೈಯದ್ದನ್ನು ನೋಡಿ ಮತ್ತೆ ನಕ್ಕಳು. ಹೊಸ್ತಿಲು ಹೋದ ಕಡೆ ಮನೆ ಎದ್ದಿತು. ಬಾಗಿಲಲ್ಲಿ ಕೂತ ಕಲ್ಲಿನ ನೆರಳು ಮನೆಯೊಳಗೇ ಬೀಳುತ್ತಿತ್ತು, ಅದನ್ನು ಅಳೆಯಲು ಯಾರೂ ಬರಲಿಲ್ಲ. ಹಗ್ಗದವ್ವ ತನ್ನ ಹಗ್ಗವನ್ನು ಗಂಟು ಗಂಟಿಗೆ ಕತ್ತರಿಸಿ, ತೊಟ್ಟಿಲು ಕಟ್ಟುವವರಿಗೆಲ್ಲ ಕೊಟ್ಟಳು. ಬಯಲಿನಲ್ಲಿ ಉಳಿದದ್ದು ಮೊದಲ ತಾಯಿಯ ಕಲ್ಲು ಒಂದೇ. ಅವಳ ಮನೆ ಎಲ್ಲಿತ್ತೆಂದು ಯಾರಿಗೂ ನೆನಪಿರಲಿಲ್ಲ, ಆದ್ದರಿಂದ ಅದು ಎಲ್ಲರ ಹೊಸ್ತಿಲಾಯಿತು. ಬಯಲು ಹಾಯುವವರು ಅದನ್ನು ಸುತ್ತಿ ಹೋಗುವುದಿಲ್ಲ, ದಾಟಿ ಹೋಗುತ್ತಾರೆ.

ಕೆಲವು ವರ್ಷದ ಮೇಲೆ ಹೊಳೆಯಾಚೆಯ ಊರಿನವನೊಬ್ಬ ಬಂದ. ಅವನ ಊರಿನ ಕಂಬ ಈಗ ಆರಾಳೆತ್ತರವಾಗಿತ್ತು, ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು. ದೋಣಿ ಇಳಿದು, ಮೊದಲು ಸಿಕ್ಕ ಮನೆಯ ಮುಂದೆ ನಿಂತು ಕೇಳಿದ. “ನಿಮ್ಮೂರಲ್ಲಿ ಸತ್ತವರಿಗೆ ಒಂದು ಎತ್ತರದ ಕಲ್ಲಿತ್ತಲ್ಲ, ಎಲ್ಲಿ ಹೋಯ್ತು? ಕಾಣೋದೇ ಇಲ್ಲ.” ಕೇಳುತ್ತಲೇ ಹೊಸ್ತಿಲ ಮೇಲೆ ಇಡಲು ಕಾಲು ಎತ್ತಿದ.

ಒಳಗೆ ಚೌಕಾಬಾರದ ಕವಡೆ ಹಿಡಿದು ಕೂತಿದ್ದ ನಾಲ್ಕು ವರ್ಷದ ಹುಡುಗಿ ಗಾಬರಿಯಿಂದ ಎರಡೂ ಕೈ ಚಾಚಿದಳು.

“ತುಳೀಬೇಡಿ, ದಾಟಿ ಬನ್ನಿ. ಅಲ್ಲಿ ನಮ್ಮಪ್ಪ ಇದ್ದಾನೆ.”

ಬಂದವನು ಬಗ್ಗಿ ನೋಡಿದ. ಹಳದಿ ಕಲ್ಲು, ಬೆಳಗಿನ ರಂಗೋಲಿ ಇನ್ನೂ ಅಳಿಸಿರಲಿಲ್ಲ. ಅವನು ಚಪ್ಪಲಿ ಬಿಟ್ಟು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಕಾಲೆತ್ತಿ, ಒಳಗೆ ಬಂದ.